ಅಣ್ಣನ ಗೇಣು

ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು ಅದು. ಹೈದರಾಬಾದಿನಿಂದ ಲಾರಿಯಲ್ಲಿ ಬಂದ ದಿನ ರಂಗಂಪೇಟೆಯ ನಮ್ಮ ಓಣಿಯವರು ನೀರಿನ ಟ್ಯಾಂಕು ಬಂತೆಂದುಕೊಂಡರು. ಅಣ್ಣ ಯಾರನ್ನೂ ತಿದ್ದಲಿಲ್ಲ. ಮೇಲಿನ ಹೊದಿಕೆ ಫೈಬರಿನದು. ಒಳಗಿನ ಚೌಕಟ್ಟಿನ ಪೈಪುಗಳನ್ನು ನಾವೇ ಕತ್ತರಿಸಿ ಬೆಸುಗೆ ಹಾಕಬೇಕಿತ್ತು. ಇಂಜಿನ್ ಮಾತ್ರ ಶಹಾಪುರದ ಗುಜರಿ ಅಂಗಡಿಯದು.

ಅಣ್ಣ ಟೇಪು ಮುಟ್ಟುತ್ತಿರಲಿಲ್ಲ. "ಟೇಪ್ ದರ್ಜಿಗೋಳಿಗೆ ಇರ್ಲಿ ಬಿಡೋ" ಎನ್ನುತ್ತ ಪೈಪಿನ ಮೇಲೆ ಗೇಣು ಹಾಕಿ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಣಸಗಿಯ ಶಾಲೆಯಲ್ಲಿ ಮಕ್ಕಳಿಗೆ ಸೆಂಟಿಮೀಟರ್ ಕಲಿಸುವವನು ನಾನು. ಆದರೆ ಅವನು ಕತ್ತರಿಸಿದ ಪೈಪು ಇಟ್ಟ ಜಾಗದಲ್ಲಿ ಸರಿಯಾಗಿ ಕೂರುತ್ತಿತ್ತು. ರೇಡಿಯೇಟರ್ ಸೋರಿತು, ಗೇರ್ ಸಿಕ್ಕಿಕೊಂಡಿತು, ಗೇಣು ಮಾತ್ರ ತಪ್ಪಲಿಲ್ಲ.

ಚೌಕಟ್ಟು ಅರ್ಧ ಆಗಿತ್ತು. ಎದೆ ನೋಯುತ್ತದೆ ಎಂದು ಕೂತ ಅಣ್ಣ ಮತ್ತೆ ಏಳಲಿಲ್ಲ.

ನನಗೆ ಅಳು ಬರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗಿದ್ದೆ. ಬಂದವರಿಗೆ ಚಹಾ ಕೊಟ್ಟೆ, ಶಾಲೆಗೆ ಹೋದೆ, ಹಾಜರಿ ಕೂಗಿದೆ.

ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಅತ್ತಿಗೆ ಕರೆದರು. "ತಮ್ಮಾ, ಮುಗಸಂಗಿದ್ರ ಮುಗಸು. ಇಲ್ಲಂದ್ರ ಗುಜರಿಗೆ ಹಾಕು. ಅರ್ಧಾ ನಿಂತದ್ದನ್ನ ದಿನಾ ನೋಡಾಕ ನನ್ನ ಕೈಲೆ ಆಗವಲ್ದು."

ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಮುಗಿಸುವ ಉಮೇದೂ ಇರಲಿಲ್ಲ. ಸುಮ್ಮನೆ ಶೆಡ್ಡಿಗೆ ಹೋದೆ. ಚೌಕಟ್ಟಿನ ಮೇಲೆ ಅಣ್ಣನ ಅಕ್ಷರ: 'ಅಡ್ಡ ಪೈಪು, ಐದು ಗೇಣು'. ಗೇಣು ಹಾಕಿ ಗ್ರೈಂಡರಿನಲ್ಲಿ ಕತ್ತರಿಸಿದೆ. ಗಿಡ್ಡವಾಯಿತು. ಇನ್ನೊಂದು ತಂದು, ಬೆರಳು ಹರಿಯುವಷ್ಟು ಚಾಚಿ ಕತ್ತರಿಸಿದೆ. ಅದೂ ಗಿಡ್ಡ.

"ಐದು ಗೇಣ ಅಂತ ಬರದಾನಲ್ಲ ಅಣ್ಣ!" ಎಂದು ರೇಗಿದೆ.

"ಹೌದು. ಯಾರ ಗೇಣ?" ಎಂದರು ಅತ್ತಿಗೆ.

ಶೆಡ್ಡಿನ ಬಾಗಿಲು ಬಿಗಿ. ಅಂಗೈ ಪೂರ್ತಿ ಅಗಲಿಸಿ ನೂಕಬೇಕು. ಅಣ್ಣ ಗ್ರೀಸಿನ ಕೈಯಲ್ಲೇ ನೂಕುತ್ತಿದ್ದ. ಅವನು ಹೋದ ಮೇಲೆ ಬಾಗಿಲಿಗೆ ಬಣ್ಣ ಬಳಿದಾಗ ಅತ್ತಿಗೆ ಆ ಕೈಗುರುತಿನ ಸುತ್ತ ಜಾಗ ಬಿಟ್ಟಿದ್ದರು. ಈಗ ಒಂದು ಕಸಬರಿಗೆ ಕಡ್ಡಿ ತಂದು ಗುರುತಿನ ಹೆಬ್ಬೆರಳಿನ ತುದಿಯಲ್ಲಿ ಹಿಡಿದರು. ಕಿರುಬೆರಳಿನ ತುದಿಗೆ ನಾನು ಅದನ್ನು ಮುರಿದೆ. ಆ ಕಡ್ಡಿಯಿಂದ ಐದು ಸಲ ಅಳೆದು ಕತ್ತರಿಸಿದ ಪೈಪು ಕೂತಿತು. ಖುಷಿಯೇನೂ ಆಗಲಿಲ್ಲ. ಮುಂದಿನ ಬೋಲ್ಟು ಹುಡುಕಿದೆ.

ಹಾಗೇ ಭಾನುವಾರ ಭಾನುವಾರ ಕೆಲಸ ಸಾಗಿತು. ಕಡೆಗೆ ಇಂಜಿನ್ ಕೆಮ್ಮಿ ಶುರುವಾಯಿತು. ಅಣ್ಣ ತನ್ನ ಕೈಯಾರೆ ಬೆಸುಗೆ ಹಾಕಿದ ಸೀಟಿನಲ್ಲಿ ಕೂತೆ. ಕಾಲು ಪೆಡಲ್ ಮುಟ್ಟಲಿಲ್ಲ. ಅವನು ನನಗಿಂತ ಎತ್ತರದವನು. ಸೀಟನ್ನು ತನ್ನ ಕಾಲಿಗೆ ಕೂರಿಸಿಕೊಂಡಿದ್ದ. ಅದನ್ನು ಮುಂದೆ ತರಬೇಕೆಂದರೆ ಅವನ ಬೆಸುಗೆ ಕತ್ತರಿಸಬೇಕು. ನಾನು ಒಳಗಿಂದ ದಿಂಬು ತಂದು ಬೆನ್ನಿಗಿಟ್ಟುಕೊಂಡೆ.

ಅತ್ತಿಗೆ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದರು.

"ದಿಂಬ ತಗಿ," ಎಂದರು. "ಸೀಟನ್ನರ ನಿನ್ನ ಅಳತಿಗೆ ಮಾಡ್ಕೋ, ತಮ್ಮಾ."

ಇಳಿದು ಗ್ರೈಂಡರ್ ಹಿಡಿದು ಸೀಟಿನ ಬುಡಕ್ಕೆ ಬಗ್ಗಿದೆ. ಬೆಸುಗೆ ಎಲ್ಲಿದೆ ಎಂದೇ ಕಾಣಲಿಲ್ಲ. ಅವತ್ತು ಅಳು ಬಂತು.