ಫ್ರಾನ್ಸಿನ ಹಳ್ಳಿಯಲ್ಲಿ ಕೇಳಿದ ‘ರೀ’

ಇಂಥ ಸಂಗತಿಗಳನ್ನು ಬರೆಯುವವರನ್ನು ಕಂಡರೆ ಮೊದಲು ನನಗೆ ನಗು ಬರುತ್ತಿತ್ತು. ಯಾರಾದರೂ ‘ನಂಬಿದ್ರೆ ನಂಬಿ, ಬಿಟ್ರೆ ಬಿಡಿ’ ಎಂದು ಶುರು ಮಾಡಿದರೆ, ಬಿಡುವವರ ಗುಂಪಿಗೆ ಮೊದಲು ಸೇರುತ್ತಿದ್ದವನು ನಾನೇ. ಈಗ ನನ್ನ ಸರದಿ ಬಂದಿದೆ. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ: ನಾನು ಹೊಟ್ಟೆಕಿಚ್ಚಿನ ಮನುಷ್ಯ. ಪಕ್ಕದ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಿದ್ದರೂ ನನಗೆ ಊಟ ರುಚಿಸುವುದಿಲ್ಲ. ಓದುವಾಗ ಇದನ್ನು ಗಮನದಲ್ಲಿಟ್ಟುಕೊಂಡು, ಎಷ್ಟು ಕಳೆಯಬೇಕೋ ಅಷ್ಟು ಕಳೆದುಕೊಳ್ಳಿ.

ಸರಸ್ವತಿಪುರಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸುತ್ತಲೂ ಟ್ಯುಟೋರಿಯಲ್‌ಗಳಿರುವುದರಿಂದ ಹೊಟ್ಟೆಬಟ್ಟೆಗೆ ತೊಂದರೆಯಿಲ್ಲ. ಮನೆ ರಾಮಕೃಷ್ಣನಗರದಲ್ಲಿ. ಹೆಂಡತಿ ಮಂಗಳಾ ಯೋಗ ಕಲಿಸುತ್ತಾಳೆ. ಮೊದಲು ನಮ್ಮ ಬಡಾವಣೆಯ ಹೆಂಗಸರಿಗೆ ಕಲಿಸುತ್ತಿದ್ದವಳು, ಆಮೇಲೆ ಚಳಿಗಾಲಕ್ಕೆ ಮೈಸೂರಿಗೆ ಬರುವ ವಿದೇಶದವರಿಗೂ ಕಲಿಸತೊಡಗಿದಳು. ಆ ಕ್ಲಾಸು ಬೆಳಗಿನ ಜಾವದ್ದು. ನಾನು ಆ ಕಡೆ ತಲೆ ಹಾಕಿದವನೇ ಅಲ್ಲ. ಅವರಲ್ಲಿ ಮಾರ್ತ್ ಎಂಬ ಫ್ರೆಂಚ್ ಹೆಂಗಸು, ಅರವತ್ತು ದಾಟಿದವರು, ಇವಳನ್ನು ತಮ್ಮ ಹಳ್ಳಿಗೆ ಕರೆದರು. ಜೂನ್‌ನಲ್ಲಿ ಕೆಲವು ವಾರ ಬಂದು ನಮ್ಮೂರಿನವರಿಗೆ ಕಲಿಸು, ಗಂಡನನ್ನೂ ಕರೆದುಕೊಂಡು ಬಾ ಎಂದರಂತೆ. ಆ ‘ಗಂಡನನ್ನೂ’ ಎಂಬುದರ ಕೊನೆಯ ‘ಊ’ ನನ್ನನ್ನು ಚುಚ್ಚಿತು. ಚಾಪೆ, ನೀರಿನ ಬಾಟಲಿ, ಜೊತೆಗೆ ಗಂಡ! ಜೂನ್ ಅಂದರೆ ಅಡ್ಮಿಷನ್ ಕಾಲ, ಅಂಗಡಿ ಬಿಟ್ಟು ಬರೋಕಾಗಲ್ಲ ಎಂದುಬಿಟ್ಟೆ. ಮಂಗಳಾ ಮತ್ತೊಮ್ಮೆ ಕೇಳಿದಳು, ಆಮೇಲೆ ಕೇಳಲಿಲ್ಲ. ಒಬ್ಬಳೇ ಹೋದಳು.

ಆ ಹಳ್ಳಿಯ ಹೆಸರು ಇಂದಿಗೂ ನನ್ನ ಬಾಯಿಗೆ ಬರುವುದಿಲ್ಲ. ಆದರೆ ಊರು ಮಾತ್ರ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ದಿನವೂ ಫೋಟೋ ಬರುತ್ತಿದ್ದವು. ಊರಿನ ಸುತ್ತ ನಡೆಯುವವರಿಗೆಂದೇ ಒಂದು ಕಾಲುದಾರಿ; ದಾರಿ ತಪ್ಪದಿರಲೆಂದು ಅಲ್ಲಲ್ಲಿ ಮರಕ್ಕೆ, ಕಲ್ಲಿಗೆ ಹಳದಿ ಪಟ್ಟಿ ಬಳಿದಿದ್ದಾರೆ. ಹಿಂದಿನ ಕಾಲದಲ್ಲಿ ಹೆಂಗಸರು ಸಾಲಾಗಿ ಕೂತು ಬಟ್ಟೆ ಒಗೆಯುತ್ತಿದ್ದ ಒಂದು ಕೊಳ, ಅದಕ್ಕೆ ಹೆಂಚಿನ ಚಾವಣಿ. ಪಾರಿವಾಳ ಸಾಕಲು ಕಟ್ಟಿದ ಕಲ್ಲಿನ ಗೋಪುರ. ನಿಂತುಹೋದ ನೀರಿನ ಗಿರಣಿ. ಸ್ವಲ್ಪ ವಾಲಿದ ಶಿಖರದ ಇಗರ್ಜಿ. ಇವನ್ನೆಲ್ಲ ಮಂಗಳಾ ತನ್ನ ತವರುಮನೆಯನ್ನು ವರ್ಣಿಸುವ ಹಾಗೆ ವರ್ಣಿಸುತ್ತಿದ್ದಳು. ನನಗೆ ಮೊದಲು ಹೊಟ್ಟೆಕಿಚ್ಚು ಬಂದದ್ದು ಆ ಊರಿನ ಮೇಲೆಯೇ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆ ಒಟ್ಟಿಗೆ ನಡೆಯೋಣ ಎಂದು ಅವಳು ಕರೆದಾಗಲೆಲ್ಲ ನಾನು ಮೊಣಕಾಲು ತೋರಿಸಿದವನು. ಈಗ ಯಾವುದೋ ದೇಶದ ಕೊಳ, ಗಿರಣಿಗಳು ಅವಳನ್ನು ನಡೆಸಿಕೊಂಡು ತಿರುಗುತ್ತಿದ್ದವು.

ಮುಂದಿನದನ್ನು ಹೇಳುವ ಮುಂಚೆ ‘ರೀ’ ಬಗ್ಗೆ ಒಂದು ಮಾತು. ನಮ್ಮಂಥ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ‘ರೀ’ ಎನ್ನುತ್ತಾಳೆ. ಸೊಪ್ಪಿನವನಿಗೂ ರೀ, ಬಸ್ ಕಂಡಕ್ಟರಿಗೂ ರೀ, ಅದು ನಿಜ. ಆದರೆ ಗಂಡನಿಗೆ ಹೇಳುವ ‘ರೀ’ ಬೇರೆ. ಅದು ಮೆಲ್ಲಗೆ ಎದ್ದು, ಕೊನೆಯಲ್ಲಿ ಒಂದಿಷ್ಟು ಎಳೆದು ನಿಲ್ಲುತ್ತದೆ. ಅರ್ಧ ಸಲಿಗೆ, ಅರ್ಧ ಗದರಿಕೆ. ಹೊರಗಿನವರಿಗೆ ವ್ಯತ್ಯಾಸ ತಿಳಿಯದೆ ಇರಬಹುದು, ಮದುವೆಯಾದ ಗಂಡಸಿನ ಕಿವಿಗೆ ಖಂಡಿತ ತಿಳಿಯುತ್ತದೆ.

ಅದೊಂದು ಭಾನುವಾರದ ಮಧ್ಯಾಹ್ನ. ಊಟ ಮುಗಿಸಿ ಹಾಲ್‌ನಲ್ಲಿ ಚಾಪೆಯ ಮೇಲೆ ಉರುಳಿದ್ದೆ. ನಿದ್ದೆ ಬಂದಿರಲಿಲ್ಲ, ಬೀದಿಯಲ್ಲಿ ಹಳೇ ಪೇಪರ್‌ನವನು ಕೂಗಿಕೊಂಡು ಹೋದದ್ದು ಚೆನ್ನಾಗಿ ನೆನಪಿದೆ. ಮಂಗಳಾಳ ವಿಡಿಯೋ ಕಾಲ್ ಬಂತು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಅವಳು ಫೋನನ್ನು ಎದುರಿನ ನೋಟಕ್ಕೆ ಹಿಡಿದು ನಡೆಯುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ದಾರಿ, ಗೋಧಿ ಹೊಲ, ದೂರದಲ್ಲಿ ಒಂದು ದಿಬ್ಬ. ದಿಬ್ಬದ ಮೇಲೆ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಹೊದಿಸಿದ್ದರು. ‘ಸಾವಿರಾರು ವರ್ಷ ಹಳೇದಂತೆ. ಯಾರು ಕಟ್ಟಿದ್ದೋ ಏನೋ’ ಎಂದಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಮ್ಮಪ್ಪನ ಊರಿನ ಹೊಲದ ಅಂಚಿನಲ್ಲಿ ಇಂಥದ್ದೇ ಒಂದಿತ್ತು. ಅದನ್ನು ಪಾಂಡವರ ಮನೆ ಎನ್ನುತ್ತಿದ್ದರು. ವನವಾಸದಲ್ಲಿ ಐವರೂ ಅಲ್ಲಿದ್ದರೆಂದು ಹೇಳಿ, ಅಪ್ಪ ನಮ್ಮಿಂದ ಚಪ್ಪಲಿ ಬಿಡಿಸಿ ಒಳಗೆ ಕಳಿಸುತ್ತಿದ್ದರು. ಮಂಗಳಾ ಮೈಸೂರಿನಲ್ಲೇ ಹುಟ್ಟಿ ಬೆಳೆದವಳು, ಅದನ್ನು ನೋಡಿದವಳಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಅವಳ ದನಿಯಲ್ಲಿದ್ದ ಸಂಭ್ರಮಕ್ಕೆ ನನ್ನ ಕಡೆಯಿಂದ ಇನ್ನಷ್ಟು ಏಕೆ ಸೇರಿಸಬೇಕು ಎನಿಸಿ, ‘ಹ್ಞೂಂ’ ಎಂದು ಸುಮ್ಮನಾದೆ.

ಆಗಲೇ ಅದು ಕೇಳಿಸಿದ್ದು. ಅವಳ ಬಾಯಿ ಫೋನಿನಿಂದ ಪಕ್ಕಕ್ಕೆ ತಿರುಗಿದ ಹಾಗೆ ದನಿ ಸ್ವಲ್ಪ ದೂರವಾಯಿತು. ‘ರೀ, ನಿಧಾನ. ಕಲ್ಲಿದೆ ಅಲ್ಲಿ.’

ನಾನು ಎದ್ದು ಕುಳಿತೆ. ‘ಯಾರಿಗೆ ಹೇಳಿದ್ದು?’

‘ಏನು?’

‘ನಿಧಾನ ಅಂತ ಹೇಳಿದ್ಯಲ್ಲ, ಯಾರಿಗೆ?’

‘ನಾನೇನು ಹೇಳ್ದೆ? ಏನೂ ಹೇಳ್ಲಿಲ್ಲ ಕಣ್ರೀ. ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ.’

ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಮಾತು ಕತ್ತರಿಸುತ್ತದೆಯೇ ಹೊರತು ಹೊಸ ಮಾತು ಹುಟ್ಟುವುದಿಲ್ಲ. ಜೊತೆಗೆ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ, ಮಾರ್ತ್ ಮನೆಯಲ್ಲಿದ್ದಾರೆ ಎಂದಳು. ಫೋನ್ ತಿರುಗಿಸಿ ತೋರಿಸು ಎಂದು ಕೇಳಲು ಮಾನ ಬಿಡಲಿಲ್ಲ. ಕಾಲ್ ಮುಗಿದ ಮೇಲೆ ಹಾಲ್‌ನಲ್ಲಿ ಅತ್ತಿಂದಿತ್ತ ನಡೆದೆ. ಆ ಊರಿನಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಗಂಡಸಿದ್ದಾನೆ ಎಂದುಕೊಳ್ಳೋಣ. ಆದರೆ ಅವನಿಗೆ ಸೊಪ್ಪಿನವನ ‘ರೀ’ ಸಲ್ಲಬೇಕಿತ್ತು. ನಾನು ಕೇಳಿದ್ದು ಅದಲ್ಲ, ನನ್ನದು.

ಅಂದಿನಿಂದ ಫೋಟೋಗಳನ್ನು ನೋಡುವ ರೀತಿಯೇ ಬದಲಾಯಿತು. ಗಿರಣಿಯ ಮುಂದೆ ಮಂಗಳಾ ನಿಂತಿದ್ದಾಳೆ, ತಲೆಯಿಂದ ಕಾಲಿನವರೆಗೆ ಕಾಣುತ್ತಾಳೆ. ಹಾಗಾದರೆ ಫೋಟೋ ತೆಗೆದವರು ಯಾರು? ಪಾರಿವಾಳದ ಗೋಪುರದ ಕೆಳಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾಳೆ. ಆ ನಗುವನ್ನು ನಾನು ಮದುವೆಯಾದ ಹೊಸತರಲ್ಲಿ ನೋಡಿದ್ದೆ, ಆಮೇಲೆ ಎಲ್ಲಿ ಹೋಗಿತ್ತೋ. ಕೇಳಿದರೆ, ಯಾರೋ ದಾರಿಯಲ್ಲಿ ಹೋಗುವವರು ತೆಗೆದುಕೊಟ್ಟರು ಎಂಬ ಉತ್ತರ. ದಾರಿಯಲ್ಲಿ ಹೋಗುವವರ ಮುಂದೆ ಯಾರಾದರೂ ಹಾಗೆ ನಗುತ್ತಾರೆಯೇ? ಅಂಗಡಿಯಲ್ಲಿ ಮಕ್ಕಳ ಮಾರ್ಕ್ಸ್ ಕಾರ್ಡುಗಳನ್ನು ತಲೆಕೆಳಗಾಗಿ ಇಟ್ಟು ಪ್ರಿಂಟ್ ತೆಗೆದೆ. ಹೊಟ್ಟೆ ಉರಿಯುತ್ತಿತ್ತು, ಅಷ್ಟೇ.

ಅವಳು ಬಂದಳು. ಮೈಕೈ ತುಂಬಿಕೊಂಡು, ಬಿಸಿಲಿಗೆ ಕಂದಿ, ಚೆನ್ನಾಗಿ ಕಾಣುತ್ತಿದ್ದಳು. ನಾನು ಯಾವುದನ್ನೂ ನೇರವಾಗಿ ಕೇಳಲಿಲ್ಲ. ಸುತ್ತಿ ಬಳಸಿ ಕೇಳಿದ್ದಕ್ಕೆ ಅವಳು ಸುತ್ತಿ ಬಳಸಿಯೇ ಉತ್ತರಿಸಿದಳು. ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ಅನ್ನ ಬೇಕಾ, ಸಾಕು, ಬೀಗ ಎಲ್ಲಿ, ಇಷ್ಟೇ. ಆ ಚಳಿಗಾಲ ಮಾರ್ತ್ ಮತ್ತೆ ಮೈಸೂರಿಗೆ ಬಂದಾಗ, ಮನೆಗೆ ಊಟಕ್ಕೆ ಕರೆಯೋಣ ಎಂದು ನಾನೇ ಹೇಳಿದೆ. ಆ ಹೆಂಗಸಿನ ಬಾಯಿಂದಲೇ ವಿಷಯ ತೆಗೆಯಬೇಕೆಂಬುದು ನನ್ನ ಲೆಕ್ಕಾಚಾರ.

ಬಾಗಿಲು ತೆಗೆದವನು ನಾನು. ಬೆಳ್ಳಿ ಕೂದಲಿನ, ಎತ್ತರದ ಹೆಂಗಸು. ನನ್ನನ್ನು ನೋಡಿದ್ದೇ ತಡ, ಎರಡೂ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ‘ಮುಸ್ಯೋ ರೀ!’

ಮುಸ್ಯೋ ಎಂದರೆ ಅವರ ಭಾಷೆಯಲ್ಲಿ ಶ್ರೀಯುತ; ನನ್ನ ಹೆಸರೇ ರೀ ಎಂದು ಅವರು ತಿಳಿದಿದ್ದರು. ಹೆಂಡತಿ ಹಾಗೆ ಕರೆಯುವುದನ್ನು ಕೇಳಿ ಕೇಳಿ ಆ ಊರಿನವರೆಲ್ಲ ಹಾಗೇ ತಿಳಿದಿದ್ದಾರಂತೆ. ಫೋನಿನಲ್ಲಿ ಕೇಳಿರಬೇಕು, ಮಂಗಳಾ ನನ್ನ ಫೋಟೋ ತೋರಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅವರು ಸೋಫಾದಲ್ಲಿ ಕುಳಿತು ತಮಗೆ ಬರುವ ಇಂಗ್ಲಿಷಿನಲ್ಲಿ ಮುಂದುವರಿಸಿದರು. ಒಂದು ದಿನ ನಾನೂ ಜೊತೆಗೆ ಬಂದಿದ್ದಾಗ ಕಲ್ಲಿನ ಮನೆಯ ಹತ್ತಿರ ನೀವು ಚಪ್ಪಲಿ ಬಿಟ್ಟು ಒಳಗೆ ಹೋದಿರಲ್ಲ, ಏಕೆಂದು ಕೇಳಿದ್ದಕ್ಕೆ ಐದು ಬೆರಳು ತೋರಿಸಿ ಕೈ ಮುಗಿದಿರಲ್ಲ, ಅಂದಿನಿಂದ ನಾನೂ ಶೂ ಬಿಚ್ಚಿಯೇ ಒಳಗೆ ಹೋಗುತ್ತೇನೆ ಎಂದರು. ಐದು ಬೆರಳು ಎಂದರೆ ಏನು, ಹೇಳಿ ಎಂದರು.

ನಿಮ್ಮ ಮನೆಯಲ್ಲಿ ನನ್ನನ್ನು ನೋಡಿದ್ದೀರಾ ಎಂದು ಹೇಗೋ ಕೇಳಿದೆ. ಮಾರ್ತ್ ಸಂಕೋಚಪಟ್ಟರು. ಇಲ್ಲವಲ್ಲ, ನೀವು ಒಳಗೆ ಬರಲೇ ಇಲ್ಲ, ದಿನವೂ ಬಟ್ಟೆ ಒಗೆಯುವ ಕೊಳದ ಹತ್ತಿರ ಹಿಂದಿರುಗುತ್ತಿದ್ದಿರಿ, ಬೇರೆಲ್ಲೋ ಇಳಿದುಕೊಂಡಿದ್ದೀರಿ ಎಂದುಕೊಂಡೆ, ಗಂಡ ಹೆಂಡಿರ ನಡುವಿನ ವಿಷಯ, ನಾನು ಕೇಳಬಾರದು ಎಂದು ಸುಮ್ಮನಿದ್ದೆ ಎಂದರು. ನಾನು ಮಂಗಳಾಳ ಕಡೆ ನೋಡಿದೆ. ಅವಳು ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಮಾರ್ತ್ ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ. ‘ಏನಿದೆಲ್ಲ?’

‘ನಂಗೂ ಗೊತ್ತಿಲ್ಲ. ಒಬ್ಬಳೇ ನಡೀವಾಗ ನಿಮ್ಮ ಜೊತೆ ಮಾತಾಡ್ಕೊಂಡು ಹೋಗ್ತಿದ್ದೆ. ಬರ್ತಾ ಬರ್ತಾ ಪಕ್ಕದಲ್ಲಿ ಇದ್ದೀರಾ ಅನ್ಸೋಕೆ ಶುರುವಾಯ್ತು.’

‘ನೋಡಿದ್ಯಾ?’

‘ಪಕ್ಕಕ್ಕೆ ತಿರುಗ್ತಾನೇ ಇರ್ಲಿಲ್ಲ. ತಿರುಗಿದ್ರೆ ಎಲ್ಲಿ ಹೊರಟೋಗ್ಬುಡ್ತೀರೋ ಅಂತ.’

‘ನಾನೇನು ಮಾತಾಡ್ತಿದ್ದೆ?’

‘ಏನೂ ಮಾತಾಡ್ತಿರ್ಲಿಲ್ಲ. ಕೇಳ್ತಿದ್ರಿ.’

ಇಷ್ಟು ಹೇಳಿ ಅವಳು ಪಾತ್ರೆ ತೊಳೆಯಲು ಹೋದಳು. ನಾನು ಆ ರಾತ್ರಿಯೆಲ್ಲ ಕಾರಣ ಹುಡುಕಿದೆ, ಇವತ್ತಿಗೂ ಹುಡುಕುತ್ತಿದ್ದೇನೆ. ಒಂಟಿ ಹೆಂಗಸಿನ ಕಲ್ಪನೆ ಎನ್ನಬಹುದು. ಆದರೆ ಮಾರ್ತ್‌ಗೆ ಯಾವ ಕಲ್ಪನೆ? ನಾನು ಹೊಟ್ಟೆಕಿಚ್ಚಿಗೆ ನುಂಗಿಕೊಂಡ ಮಾತು ಆ ಐದು ಬೆರಳುಗಳಿಗೆ ಹೇಗೆ ಬಂತು? ಭಾನುವಾರ ನಾನು ಚಾಪೆಯ ಮೇಲಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ನಿಮಗೆ ನಗು ಬರಬಹುದು, ಆದರೆ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಬೇರೆ ಯಾವನಾದರೂ ಆಗಿದ್ದರೆ ಜಗಳವಾಡಬಹುದಿತ್ತು. ಅವನು ನನ್ನ ಮುಖ ಹೊತ್ತುಕೊಂಡು, ನನ್ನ ‘ರೀ’ ಕರೆಸಿಕೊಂಡು, ನಾನು ಕಾಣದ ಗಿರಣಿ ಕಂಡು, ನನ್ನ ಹೆಂಡತಿಯನ್ನು ನಗಿಸಿದ್ದಾನೆ. ಮೊಣಕಾಲು ನೋವೆಂದು ಒಮ್ಮೆಯೂ ಹೇಳಿಲ್ಲ. ಅವನ ಮೇಲೆ ಯಾರ ಹತ್ತಿರ ದೂರು ಹೇಳಲಿ?

ಈ ವರ್ಷ ಮಾರ್ತ್ ಮತ್ತೆ ಕರೆದಿದ್ದಾರೆ. ಹೋದ ವಾರ, ಊಟಕ್ಕೆ ಕೂತಿದ್ದಾಗ, ಹೇಳಿದೆ: ‘ಜೂನ್‌ನಲ್ಲಿ ಅಂಗಡಿಗೆ ಬಾಗಿಲು ಹಾಕ್ತೀನಿ. ನಾನೂ ಬರ್ತೀನಿ.’

ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಮಂಗಳಾ ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದಳು. ಆಮೇಲೆ ಬಹಳ ಮೆಲ್ಲಗೆ, ನನ್ನ ಮನಸ್ಸಿಗೆ ನೋವಾಗಬಾರದೆಂಬಂತೆ ಕೇಳಿದಳು:

‘ನೀವು ಬಂದ್ರೆ, ಅವರು ಬರ್ತಾರಾ?’