ಮೊದಲನೇ ಸಾಲು ಖಾಲಿಯೇ ಇರಲಿ ಅಂದರು ಮೇಷ್ಟ್ರು

ಹೋದ ಭಾನುವಾರ ಶಿರಾಳಕೊಪ್ಪದಲ್ಲಿ ಒಂದು ಸಮುದಾಯ ಭವನದ ಉದ್ಘಾಟನೆ ಇತ್ತು. ಬೆಳಿಗ್ಗೆ ಬರಬೇಕಾದ ಮುಖ್ಯ ಅತಿಥಿ ಊಟದ ಹೊತ್ತಿಗೆ ಬಂದರು. (ನಮ್ಮಲ್ಲಿ ಅದು ಬೇಗ ಬಂದ ಲೆಕ್ಕವೇ.) ಅವರು ಕಾರಿನಿಂದ ಕಾಲು ಕೆಳಗಿಡುವಷ್ಟರಲ್ಲಿ ಮೈಕ್ ಹಿಡಿದಿದ್ದ ನಿರೂಪಕರು ಶುರು ಹಚ್ಚಿಕೊಂಡರು.

ಧೀಮಂತ ನಾಯಕರು. ಬಡವರ ಬಂಧು. ಶಿಕ್ಷಣ ಪ್ರೇಮಿ. ಕಾಯಕಯೋಗಿ. ಈ ನಾಡು ಕಂಡ ಅಪರೂಪದ ಚಿಂತಕರು.

‘ಚಿಂತಕರು’ ಅಂದಾಗ ಆ ಮನುಷ್ಯರೇ ಒಮ್ಮೆ ಹಿಂದೆ ತಿರುಗಿ ನೋಡಿದರು. ಬೇರೆ ಯಾರೋ ಬಂದರೇನೋ ಅಂತ.

ನಾನು ಹೋಗಿದ್ದು ಭವನ ನೋಡಲಿಕ್ಕಲ್ಲ, ಅತಿಥಿಯನ್ನು ನೋಡಲಿಕ್ಕೂ ಅಲ್ಲ. ಆ ನಿರೂಪಕರನ್ನು ನೋಡಲಿಕ್ಕೆ. ಅವರು ನಮ್ಮ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಪರಮೇಶ್ವರಪ್ಪ ಅಂತ ಕರೆಯೋಣ. (ಹೆಸರು ನಿಜದ್ದಲ್ಲ. ಸಿಟ್ಟು ನಿಜದ್ದು.)

ನನ್ನ ಜೊತೆ ಪವಿತ್ರಾ ಇದ್ದಳು. ಸೊರಬ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು. ಈ ಮೇಷ್ಟ್ರ ಹತ್ತಿರ ಮೂರು ವರ್ಷ ಬಿ.ಎ. ಓದಿ, ಆಮೇಲೆ ಎಂ.ಎ. ಮುಗಿಸಿದವಳು. ಈಗ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರ ಓದಲು ಅರ್ಜಿ ಹಾಕಿದ್ದಾಳೆ. ಫೀಸು, ಊಟ, ವಸತಿ ಎಲ್ಲ ಅವರೇ ನೋಡಿಕೊಳ್ಳುವ ಸ್ಕಾಲರ್‌ಶಿಪ್ ಸೀಟು. ಅದು ಸಿಕ್ಕರೆ ಹೋಗುತ್ತಾಳೆ, ಸಿಗದಿದ್ದರೆ ಇಲ್ಲ. ನಡುವೆ ಇನ್ನೊಂದು ದಾರಿ ಅವಳ ಮನೆಯಲ್ಲಿಲ್ಲ.

ನೆಂಟರಿಗೆಲ್ಲ ಇದೊಂದು ತಮಾಷೆ. ‘ಎಕನಾಮಿಕ್ಸ್ ಓದೋಕೆ ಇಂಗ್ಲೆಂಡಿಗಾ? ಬ್ಯಾಂಕ್ ಪರೀಕ್ಷೆ ಇಲ್ಲೇ ಬರೀಬಹುದಲ್ಲ’ ಅಂತ ಒಬ್ಬರು. ‘ಡಾಕ್ಟರ್ ಓದಕ್ಕೆ ಹೋಗ್ತಾರೆ, ಇಂಜಿನಿಯರ್ ಓದಕ್ಕೆ ಹೋಗ್ತಾರೆ. ಆರ್ಟ್ಸ್ ಓದಕ್ಕೆ ಯಾರು ಹೋಗ್ತಾರೆ ಮಾರಾಯ್ತಿ’ ಅಂತ ಇನ್ನೊಬ್ಬರು. ನಮ್ಮಲ್ಲಿ ಸೈನ್ಸ್ ಸಿಗದವರು ಕಾಮರ್ಸ್, ಕಾಮರ್ಸ್ ಸಿಗದವರು ಆರ್ಟ್ಸ್. ಬೇಕು ಅಂತಲೇ ಆರ್ಟ್ಸ್ ತೆಗೆದುಕೊಂಡವಳು ಅಂದರೆ ತಲೆ ನೆಟ್ಟಗಿದೆಯಾ ಅಂತ ನೋಡುತ್ತಾರೆ.

ಈ ಹುಡುಗಿ ಎಂ.ಎ.ಯಲ್ಲಿ ಏನು ಮಾಡಿದ್ದಳು ಗೊತ್ತಾ? ನಮ್ಮ ರೈತರು ಗೋವಿನಜೋಳವನ್ನು ಶಿಕಾರಿಪುರದ ಎಪಿಎಂಸಿಗೆ ಒಯ್ಯದೆ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಯಾಕೆ ಕೊಡುತ್ತಾರೆ ಅಂತ ಊರೂರು ಸುತ್ತಿ ಕೇಳಿದಳು. ರೈತರಿಗೆ ಬುದ್ಧಿಯಿಲ್ಲ, ಮೋಸ ಹೋಗುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವಳು ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ, ಒಣಗಿಸುವ ಜಾಗ, ಹಾಳಾಗುವ ಒಂದು ದಿನದ ಕೆಲಸ ಎಲ್ಲ ಕೂಡಿಸಿ, ಸಣ್ಣ ಹಿಡುವಳಿಯವನಿಗೆ ಮನೆ ಬಾಗಿಲ ವ್ಯಾಪಾರವೇ ಎಷ್ಟೋ ಸಲ ಮೇಲು ಅಂತ ತೋರಿಸಿದಳು. ಬುದ್ಧಿ ಇಲ್ಲದಿದ್ದದ್ದು ನಮಗೆ. ಅವಳ ಪ್ರಾಜೆಕ್ಟ್ ಓದಿ ನನಗೆ, ಮನೆ ಬಾಗಿಲಲ್ಲೇ ಯಾಕೆ ಮಾರುತ್ತೀಯ ಅಂತ ಅಪ್ಪನ ಜೊತೆ ಆಡಿದ್ದ ಜಗಳವೆಲ್ಲ ನೆನಪಾಯಿತು.

ಅರ್ಜಿಗೆ ಇಬ್ಬರು ಮೇಷ್ಟ್ರುಗಳ ಶಿಫಾರಸು ಬೇಕು. ಒಬ್ಬರು ಎಂ.ಎ.ಯಲ್ಲಿ ಕಲಿಸಿದವರು. ಇನ್ನೊಬ್ಬರಾಗಿ ಪವಿತ್ರಾ ಪರಮೇಶ್ವರಪ್ಪನವರನ್ನೇ ಆರಿಸಿಕೊಂಡಳು. ‘ನನಗೆ ಈ ಸಬ್ಜೆಕ್ಟ್ ಹುಚ್ಚು ಹತ್ತಿಸಿದ್ದೇ ಅವ್ರು ಚಿಕ್ಕಮ್ಮ’ ಅಂದಳು. ಅದು ಸತ್ಯ. ಕ್ಲಾಸಿಗೆ ತಪ್ಪದೆ ಬರುವ, ಶುಂಠಿ ರೇಟು ಹಿಡಿದುಕೊಂಡು ಬೇಡಿಕೆ ಪೂರೈಕೆ ಅರ್ಥ ಮಾಡಿಸುವ ಮೇಷ್ಟ್ರು ಅವರು. ಟ್ಯೂಷನ್ ಇಲ್ಲ, ಲಂಚ ಇಲ್ಲ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಈ ವಾರ.

ಶಿಫಾರಸು ಕಳಿಸಿದ್ದಾರೆ ಅಂತ ವಿಶ್ವವಿದ್ಯಾಲಯದಿಂದ ಪವಿತ್ರಾಗೆ ಮೆಸೇಜ್ ಬಂದಿತ್ತು. ಒಳಗೇನಿದೆ ಅಂತ ತೋರಿಸುವುದಿಲ್ಲ. ಏನಾದರೂ ಇರಲಿ, ಥ್ಯಾಂಕ್ಸ್ ಹೇಳಿ ಬರೋಣ ಅಂತ ಹೊರಟೆವು. ಅಕ್ಕ ಒಂದು ಡಬ್ಬಿ ಜೋನಿಬೆಲ್ಲ ಕಳಿಸಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಸಿಕ್ಕರು. ಪವಿತ್ರಾ ಕಾಲಿಗೆ ನಮಸ್ಕಾರ ಮಾಡಿದಳು. ಅವರು ಖುಷಿಯಲ್ಲಿ ಹೇಳಿದರು:

‘ಕಳಿಸೀನಿ ಕಣಮ್ಮ. ಏನೇನೋ ಕೇಳ್ತಾರ್ರಿ ಮೇಡಂ ಅವರು! ನೀವು ಇಲ್ಲಿತನಕ ಕಲಿಸಿದ ಹುಡುಗರಲ್ಲಿ ಈಕೆ ಎಲ್ಲಿ ನಿಲ್ತಾಳೆ ಅಂತ. ನೂರರಲ್ಲಿ ಮೊದಲನೆಯವಳಾ, ಮೊದಲ ಐದರಲ್ಲಾ, ಹತ್ತರಲ್ಲಾ, ಇಪ್ಪತ್ತೈದರಲ್ಲಾ, ಐವತ್ತರಲ್ಲಾ... ಒಂದೊಂದಕ್ಕೂ ಒಂದೊಂದು ಸಾಲು, ಟಿಕ್ ಹಾಕ್ಬೇಕು.’

‘ನೀವೇನು ಹಾಕಿದ್ರಿ ಸರ್?’ ಅಂದೆ.

‘ಇಪ್ಪತ್ತೈದರಲ್ಲಿ ಹಾಕೀನಿ ನೋಡ್ರಿ!’

ಹಬ್ಬಕ್ಕೆ ಹೊಸ ಸೀರೆ ಕೊಡಿಸಿದವರ ಹಾಗೆ ನಮ್ಮ ಮುಖ ನೋಡಿದರು.

ಇಂಥ ಸೀಟಿಗೆ ಲೋಕದ ಎಲ್ಲ ಕಡೆಯಿಂದ ಮಕ್ಕಳು ಅರ್ಜಿ ಹಾಕಿರುತ್ತಾರೆ. ಅವರ ಮೇಷ್ಟ್ರುಗಳು ಮೊದಲನೇ ಸಾಲಿಗೋ ಎರಡನೇ ಸಾಲಿಗೋ ಟಿಕ್ ಹಾಕಿರುತ್ತಾರೆ. ಇವಳ ಅರ್ಜಿ ಮಾತ್ರ, ‘ಇವಳಿಗಿಂತ ಜಾಣರು ನನ್ನ ಹತ್ತಿರವೇ ಬೇಕಾದಷ್ಟಿದ್ದಾರೆ’ ಅಂತ ಸ್ವಂತ ಮೇಷ್ಟ್ರ ಸಾಕ್ಷಿ ಹೊತ್ತುಕೊಂಡು ಹೋಗಿದೆ.

ನಾನು ಬಾಯಿ ತೆಗೆಯುವ ಮೊದಲು ಅವಳೇ ಕೇಳಿದಳು. ‘ಸರ್, ನಮ್ಮ ಬ್ಯಾಚಲ್ಲಿ ನನಗಿಂತ ಮುಂದೆ ಯಾರಿದ್ರು?’

‘ಯಾರಿದ್ರು? ಯಾರೂ ಇರ್ಲಿಲ್ಲ.’

‘ಅದಕ್ಕೂ ಮುಂಚೆ?’

ಮೇಷ್ಟ್ರು ನಿಜವಾಗಿಯೂ ಯೋಚಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ‘ಸುಳ್ಳು ಯಾಕೆ ಹೇಳ್ಲಿ. ನನ್ನ ಸರ್ವಿಸ್‌ನಲ್ಲಿ ನಿನ್ನಂಥೋಳು ಬಂದಿಲ್ಲಮ್ಮ.’

‘ಮತ್ತೆ ಅಷ್ಟು ಜನರನ್ನ ನನ್ನ ಮುಂದೆ ಯಾಕೆ ನಿಲ್ಸಿದ್ರಿ ಸರ್?’

ಅವಳ ದನಿ ಏರಿರಲಿಲ್ಲ. ಪಕ್ಕದಲ್ಲಿ ಶಾಮಿಯಾನ ಬಿಚ್ಚುತ್ತಿದ್ದವರು ಮಾತ್ರ ಕೈ ನಿಲ್ಲಿಸಿದರು.

‘ಹಂಗಲ್ಲಮ್ಮ. ಮೊದಲನೇ ಸಾಲು ಖಾಲಿಯೇ ಇರ್ಬೇಕು. ಆರ್ಟ್ಸ್ ಪೇಪರಿಗೆ ಯಾರಾದ್ರೂ ನೂರಕ್ಕೆ ನೂರು ಕೊಡ್ತಾರಾ? ಎಲ್ಲಾ ಕೊಟ್ಬಿಟ್ರೆ ಮುಂದೆ ಬೆಳೆಯೋದಕ್ಕೆ ಏನುಳೀತದೆ? ತಲೆಗೇರ್ತದೆ’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು. ‘ಅಲ್ರಿ ಮೇಡಂ, ನಮ್ಮಂಥ ಕಾಲೇಜಿನ ಹುಡುಗಿನ ಎಲ್ಲರಿಗಿಂತ ಮುಂದೆ ಅಂತ ಬರೆದ್ರೆ ಅಲ್ಲಿಯವರು ನಗಲ್ವೇನ್ರಿ?’

ನನ್ನ ರಕ್ತ ಕುದ್ದದ್ದು ಇಲ್ಲಿ.

ಯಾರು ನಗುತ್ತಾರೆ ಸರ್? ಅವರು ಕೇಳಿದ್ದು ನಿಮ್ಮ ಕಾಲೇಜಿನ ಕಟ್ಟಡ ಹೇಗಿದೆ ಅಂತಲಾ? ಬೆಂಚು ಮುರಿದಿದೆಯಾ ಅಂತಲಾ? ನೀವು ಕಲಿಸಿದವರಲ್ಲಿ ಯಾರು ಮುಂದೆ ಅಂತ ಕೇಳಿದರು. ಉತ್ತರ ನಿಮಗೆ ಗೊತ್ತಿತ್ತು. ಈಗ ಬಾಯಲ್ಲಿ ಹೇಳಿದಿರಿ ಕೂಡ. ಬರೆಯುವಾಗ ಮಾತ್ರ ಕೈ ಯಾಕೆ ಹಿಂದೆ ಹೋಯಿತು?

ಒಂದೆರಡು ಗಂಟೆಯ ಹಿಂದೆ ಇದೇ ಬಾಯಿ ಒಬ್ಬ ಪುಣ್ಯಾತ್ಮರನ್ನು ಚಿಂತಕರು ಅಂದಿತ್ತು. ಆ ಮನುಷ್ಯರು ಯಾವತ್ತು ಚಿಂತಿಸಿದ್ದು, ಯಾರು ನೋಡಿದ್ದು? ಆಗ ಯಾರಾದರೂ ನಗುತ್ತಾರೆ ಅಂತ ಹೆದರಿಕೆ ಆಗಲಿಲ್ಲ. ತಲೆಗೇರುತ್ತದೆ ಅಂತಲೂ ಅನ್ನಿಸಲಿಲ್ಲ. (ಏರಿದ್ದು ಮತ್ತೆ ಇಳಿದೀತೇ ಅಂತ ನಾವ್ಯಾರೂ ವಿಚಾರಿಸುವುದೂ ಇಲ್ಲ.)

ನೀವೇ ನೋಡಿ. ನಮ್ಮ ತಾಲ್ಲೂಕುಗಳಲ್ಲಿ ಹೊಗಳಿಕೆಗೆ ಬರವೇ ಇಲ್ಲ. ಬೋರ್‌ವೆಲ್ ಉದ್ಘಾಟನೆಗೆ ಬಂದವರು ಭಗೀರಥರು. ಶಾಲೆಗೆ ಎರಡು ಫ್ಯಾನ್ ಕೊಟ್ಟವರು ಕಲಿಯುಗದ ಕರ್ಣರು. ಅಧಿಕಾರ ಇದ್ದವರಿಗೆ ಚೀಲಗಟ್ಟಲೆ ಸುರಿಯುತ್ತೇವೆ. ಆದರೆ ನಮ್ಮದೇ ಮನೆಯ ಮಗು, ಕ್ಲಾಸಿನ ಹುಡುಗಿ ಎದುರಿಗೆ ಬಂದು ನಿಂತರೆ ಚೀಲದ ಬಾಯಿ ಕಟ್ಟುತ್ತೇವೆ. ‘ಪರವಾಗಿಲ್ಲ.’ ‘ಏನೋ ಓದ್ತಾಳೆ.’ ‘ಇನ್ನೂ ಚುರುಕಾಗಬೇಕು.’ ಮುಖದ ಮುಂದೆ ಹೊಗಳಬಾರದಂತೆ. ಹಿಂದಾದರೂ ಹೊಗಳುತ್ತೇವಾ?

ನಾನು ಡಿಗ್ರಿ ಪಾಸಾದಾಗ ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಕೇರಿಯಲ್ಲೇ ಮೊದಲು. ಅಪ್ಪ ಅಂಗಡಿ ಕಟ್ಟೆಯಲ್ಲಿ ‘ಏನೋ ಪಾಸ್ ಆಗೈತಂತೆ’ ಅಂದಿದ್ದ. ಮದುವೆ ಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಎ. ಹಾಕಿಸುತ್ತೇನೆ ಅಂದರೆ, ‘ಗಂಡಿನ ಕಡೆಯವರು ಏನಂದ್ಕೊಳ್ತಾರೆ’ ಅಂತ ಎಲ್ಲರೂ ಬೇಡ ಅಂದರು. ಹಾಕಿಸಿದೆ. ಈಗಲೂ ಶಿಕಾರಿಪುರದ ನಮ್ಮ ಮನೆ ಗೇಟಿನ ಬೋರ್ಡಿನಲ್ಲಿ ಇದೆ. ಬರೀ ಬಿ.ಎ.ಗೆ ಇಷ್ಟು ಜಂಬವಾ ಅಂತ ನಗುವವರು ನಗಲಿ. ಆ ಎರಡಕ್ಷರಕ್ಕೆ ನಾನು ಪಟ್ಟ ಪಾಡು ಅವರಿಗೇನು ಗೊತ್ತು?

ನನ್ನ ಬಗ್ಗೆ ನಾನು ತಗ್ಗಿ ಮಾತಾಡಿದರೆ ಅದು ವಿನಯ. ಬೇರೆಯವರ ಮಗಳನ್ನು ತಗ್ಗಿಸಿ ಬರೆದರೆ ಅದೂ ವಿನಯವಾ? ಅವಳ ಪಾಲಿನದನ್ನು ತೆಗೆದು ನಮ್ಮ ಸಂಕೋಚಕ್ಕೆ ನೈವೇದ್ಯ ಇಟ್ಟ ಹಾಗಲ್ಲವಾ?

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಇಷ್ಟು ನೆಟ್ಟಗೆ ಅಲ್ಲ, ಸ್ವಲ್ಪ ಮರ್ಯಾದೆ ಸೇರಿಸಿ.

ಪವಿತ್ರಾ ದಾರಿಯನ್ನೂ ಹೇಳಿದಳು. ‘ಸರ್, ಕೊನೇ ದಿನಕ್ಕೆ ಇನ್ನೂ ಒಂದು ವಾರ ಉಂಟು. ನೀವು ಆ ಆಫೀಸಿಗೆ ಕಾಲೇಜಿನ ಮೇಲ್‌ನಿಂದ ಒಂದು ಪತ್ರ ಬರೆದ್ರೆ ಅದನ್ನೂ ಸೇರಿಸ್ಕೊಳ್ತಾರೆ. ಈಗ ನನ್ನೆದುರಿಗೆ ಹೇಳಿದ್ರಲ್ಲ, ಅಷ್ಟೇ ಬರೀರಿ. ಒಂದಕ್ಷರ ಜಾಸ್ತಿ ಬೇಡ.’

ಮೇಷ್ಟ್ರ ಮುಖ ಗಟ್ಟಿಯಾಯಿತು. ‘ಕೊಟ್ಟ ಮಾರ್ಕ್ಸ್ ತಿದ್ದೋದಾ? ದೊಡ್ಡ ದೊಡ್ಡವರು ಮನೆ ಬಾಗಿಲಿಗೆ ಬಂದಾಗಲೂ ನಾನು ತಿದ್ದಿಲ್ಲಮ್ಮ.’

ಇದೂ ಸತ್ಯವೇ. ಅದೇ ನನ್ನ ಸಂಕಟ. ಲಂಚ ತಿನ್ನುವ ಮೇಷ್ಟ್ರಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ಬಸ್ ಹತ್ತಬಹುದಿತ್ತು. ಈ ಪ್ರಾಮಾಣಿಕರನ್ನು ಏನು ಮಾಡುವುದು? ತಪ್ಪು ಮಾರ್ಕ್ಸ್ ತಿದ್ದುವುದು ಅಕ್ರಮ ಅಂತ ಅವರು ತಿಳಿದಿದ್ದಾರೆ. ತಪ್ಪು ಮಾರ್ಕ್ಸ್ ಕೊಟ್ಟಿದ್ದು ಮಾತ್ರ ಶಿಸ್ತು.

ಜೋನಿಬೆಲ್ಲದ ಡಬ್ಬಿಯನ್ನು ಪವಿತ್ರಾ ಅವರ ಕೈಗೆ ಕೊಟ್ಟೇ ಬಂದಳು. ನಾನಾಗಿದ್ದರೆ ವಾಪಸ್ ತರುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತ ಅವಳು ಒಂದೇ ಮಾತು ಹೇಳಿದಳು. ‘ಸೀಟು ಸಿಗದೇ ಹೋದ್ರೆ ಹೋಗ್ಲಿ ಚಿಕ್ಕಮ್ಮ. ಅಲ್ಲಿ ಯಾರೋ ಗುರುತಿಲ್ಲದವ್ರು ನಂಗಿಂತ ಜಾಣರು ಇದಾರೆ ಅಂದ್ರೆ ಒಪ್ಕೊಳ್ತೀನಿ. ಇವ್ರು ಹೇಳಬಾರದಿತ್ತು.’

ಬುಧವಾರ ಮೇಷ್ಟ್ರ ಫೋನ್ ಬಂತು.

‘ಮೇಡಂ, ಆ ಹುಡುಗಿ ಕೇಳಿದ್ದು ತಲೆಯಾಗೆ ಕೊರೀತಾನೇ ಇತ್ತು. ಹೌದಲ್ಲ ಅನ್ನಿಸ್ತು. ಪ್ರಿನ್ಸಿಪಾಲರಿಗೂ ಹೇಳಿ, ಕಾಲೇಜಿನ ಮೇಲ್‌ನಿಂದಲೇ ಪತ್ರ ಬರೆದು ಕಳಿಸಿಬಿಟ್ಟೆ.’

ನಿಮಗೆ ಸುಳ್ಳು ಹೇಳಲಾರೆ, ನನ್ನ ಕಣ್ಣಲ್ಲಿ ನೀರು ಬಂತು. ಮೂರು ದಿನ ಅವರಿಗೆ ಹಾಕಿದ್ದ ಶಾಪವನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡೆ. ‘ಓದಿ ಸರ್, ಕೇಳ್ತೀನಿ’ ಅಂದೆ.

ಓದಿದರು. ಇಂಗ್ಲಿಷಿನಲ್ಲಿತ್ತು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ‘ಈಕೆ ರೈತ ಕುಟುಂಬದಿಂದ ಬಂದವಳು. ಕ್ಲಾಸಿಗೆ ತಪ್ಪದೆ ಹಾಜರಾಗುತ್ತಿದ್ದಳು. ಸೌಮ್ಯ ಸ್ವಭಾವ. ಗುರುಹಿರಿಯರಿಗೆ ಬಹಳ ವಿಧೇಯಳು. ನನಗೆ ತಿಳಿದ ಮಟ್ಟಿಗೆ ಈಕೆಯ ನಡತೆ ಒಳ್ಳೆಯದು.’

ಕಾದೆ. ಮುಂದೆ ಏನೂ ಬರಲಿಲ್ಲ.

‘ಮುಗೀತಾ ಸರ್?’

‘ಮುಗೀತ್ರಿ. ಇಷ್ಟು ಹೊಗಳಿ ನಾನು ಯಾರಿಗೂ ಬರೆದಿಲ್ಲ!’

ಗೋವಿನಜೋಳ ಇಲ್ಲ. ಅರ್ಥಶಾಸ್ತ್ರದ ಹೆಸರೇ ಇಲ್ಲ. ‘ನನ್ನ ಸರ್ವಿಸ್‌ನಲ್ಲಿ ನಿನ್ನಂಥೋಳು ಬಂದಿಲ್ಲ’ ಎಂಬ, ಅವರದೇ ಬಾಯಿಂದ ಬಿದ್ದ ಆ ಒಂದು ಮಾತು ಇಲ್ಲ. ಇಂಗ್ಲೆಂಡಿನಲ್ಲಿ ಕೂತು ಜಾಣರನ್ನು ಹುಡುಕುತ್ತಿರುವವರಿಗೆ ನಮ್ಮ ಮೇಷ್ಟ್ರು ಸೊಸೆ ತಂದುಕೊಳ್ಳುವವರಿಗೆ ಹೇಳುವ ಮಾತು ಬರೆದು ಕಳಿಸಿದ್ದಾರೆ. ಪಾಪ, ಮನಸಾರೆ ಕಳಿಸಿದ್ದಾರೆ.

ಸೀಟು ಏನಾಗುತ್ತದೋ ಗೊತ್ತಿಲ್ಲ. ಉತ್ತರ ಬರಲು ಇನ್ನೂ ಸಮಯವಿದೆ. ಅರ್ಜಿಯ ಜೊತೆ ಅವಳು ಕಳಿಸಿರುವ ಗೋವಿನಜೋಳದ ಪ್ರಾಜೆಕ್ಟನ್ನು ಅಲ್ಲಿ ಯಾರಾದರೂ ಕೂತು ಓದಲಿ ಅಂತ ಕಾಯುತ್ತಿದ್ದೇನೆ.

ಆದರೆ ಆ ‘ವಿಧೇಯಳು’ ನನ್ನನ್ನು ಬಿಡುತ್ತಿಲ್ಲ. ಪಿಯುಸಿ ಮುಗಿದ ತಿಂಗಳೇ ಗಂಡು ತಂದಾಗ ಕೋಣೆ ಬಾಗಿಲು ಹಾಕಿಕೊಂಡು ಒಲ್ಲೆ ಅಂದವಳು ಈ ಪವಿತ್ರಾ. ಊರಿಗೆ ಸರಿಯಾದ ಬಸ್ಸಿಲ್ಲ, ಕಾಲೇಜು ಸಾಕು ಅಂದಾಗ ಊಟ ಬಿಟ್ಟು ಹಾಸ್ಟೆಲ್ ಸೇರಿದವಳು. ಅವಳ ಸೋದರಮಾವ, ಅಂದರೆ ನನ್ನ ಅಣ್ಣ, ಆ ಸಿಟ್ಟಿಗೆ ಇವತ್ತಿಗೂ ಅವಳ ಹತ್ತಿರ ಮಾತಾಡುವುದಿಲ್ಲ.

ಒಂದೇ ಪ್ರಶ್ನೆ ಸರ್: ನಿಮ್ಮ ಕ್ಲಾಸಿನ ಬೆಂಚಿನವರೆಗೆ ಬಂದ ಹುಡುಗಿಯರಲ್ಲಿ ಎಷ್ಟು ಜನ ಹೇಳಿದ ಮಾತು ಕೇಳಿಕೊಂಡು ಬಂದಿದ್ದರು?