ಹರಳೆಣ್ಣೆ ಹಚ್ಚಿದ ನಾಯಿ

ಯುಗಾದಿಯ ಬೆಳಿಗ್ಗೆ ಮನೆಯಲ್ಲಿ ಉಸಿರಾಡುವ ಜೀವಗಳೆಲ್ಲ ಎಣ್ಣೆ ಹಚ್ಚಿಕೊಂಡೇ ನೀರು ಹುಯ್ದುಕೊಳ್ಳಬೇಕು ಎಂಬುದು ನಮ್ಮಜ್ಜಿಯ ಕಾನೂನು. ದನ ಕಟ್ಟಿದ್ದ ಕಾಲದಲ್ಲಿ ಎತ್ತುಗಳ ಬೆನ್ನಿಗೂ ಹಬ್ಬದ ಎಣ್ಣೆ ಸವರುತ್ತಿದ್ದರಂತೆ. ಅಬ್ಬಿಗೆರೆಯ ನಮ್ಮ ಕೊಟ್ಟಿಗೆ ಬಾಡಿಗೆ ಮನೆಯಾಗಿ, ಅದರಲ್ಲಿ ಹುಬ್ಬಳ್ಳಿ ಕಡೆಯ ಸಂಸಾರವೊಂದು ಬಂದು ಸೇರಿದ ಮೇಲೆ, ಹಬ್ಬದ ಕೆಲಸದ ನೆಪದಲ್ಲಿ ತಪ್ಪಿಸಿಕೊಳ್ಳುವ ಅಪ್ಪ ಅಮ್ಮನನ್ನು ಬಿಟ್ಟರೆ ಅಜ್ಜಿಯ ಕೈಗೆ ಉಳಿದವರು ಮದುವೆಯಾಗದ ಚಿಕ್ಕಪ್ಪ, ನಾನು, ನನ್ನ ತಂಗಿ, ಒಂದು ಬೆಕ್ಕು ಮತ್ತು ಒಂದು ಕರಿ ನಾಯಿ. ಎಲ್ಲರಿಗೂ ಒಂದೇ ಬಟ್ಟಲಿನ ಹರಳೆಣ್ಣೆ.

ಆ ನಾಯಿಯನ್ನು ಚಿಕ್ಕಪ್ಪ ‘ಮಗಾ’ ಎಂದು ಕರೆಯುತ್ತಿದ್ದರು. ತಮ್ಮ ಸ್ನೇಹಿತರನ್ನೂ ಹಾಗೇ ಕರೆಯುತ್ತಿದ್ದರಿಂದ, ಗೇಟಿನಲ್ಲಿ ನಿಂತು ಕೂಗಿದರೆ ಒಮ್ಮೊಮ್ಮೆ ನಾಯಿ ಬರುತ್ತಿತ್ತು, ಒಮ್ಮೊಮ್ಮೆ ಎದುರುಮನೆಯ ಹುಡುಗ ಬರುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷದ ಯುಗಾದಿ ಅದು. ಬಟ್ಟಲು ಕಂಡ ತಕ್ಷಣ ಬೆಕ್ಕು ಹೆಂಚು ಹತ್ತಿತು. ನಾಯಿ ಪಾಪ, ಇದೇನೋ ತಿನ್ನುವ ಪದಾರ್ಥವೆಂದುಕೊಂಡು ಬಾಲ ಅಲ್ಲಾಡಿಸುತ್ತ ಹತ್ತಿರ ಬಂದು ಸಿಕ್ಕಿಬಿತ್ತು. ಅಜ್ಜಿ ಅದರ ಕಿವಿಯ ಹಿಂದಿನಿಂದ ಬಾಲದ ತುದಿಯವರೆಗೆ ಎಣ್ಣೆ ತಿಕ್ಕಿ, “ನೋಡು, ಇಂಗೆ ಮಿಂಚ್ಬೇಕು ಮೈ” ಎಂದರು. ಬಿಸಿಲಿಗೆ ಅದು ಪಾಲಿಶ್ ಹಾಕಿದ ಬೂಟಿನಂತೆ ಹೊಳೆಯುತ್ತಿತ್ತು. ನಾವು ಮೂವರೂ ಹಾಗೇ ಹೊಳೆಯುತ್ತಿದ್ದೆವು. ಅಪ್ಪ ಮಾವಿನ ಸೊಪ್ಪು ತರಲು ಹೋಗಿದ್ದರು. ಅಮ್ಮ ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು.

ಕರೆಂಟು ಹೋಗಿದ್ದರಿಂದ ಮೋಟಾರು ಓಡುತ್ತಿರಲಿಲ್ಲ. ಸ್ನಾನದ ಹಂಡೆ ತುಂಬಿಸಲು ಚಿಕ್ಕಪ್ಪ ಅಂಗಳದ ಸಂಪಿನ ಮುಚ್ಚಳ ತೆಗೆದು ಹಗ್ಗ ಕಟ್ಟಿದ ಬಕೀಟಿನಲ್ಲಿ ನೀರೆತ್ತುತ್ತಿದ್ದರು. ನೆಲದೊಳಗಿನ ಆ ತೊಟ್ಟಿಗೆ ಹಿಂದಿನ ಸಂಜೆಯಷ್ಟೇ ಟ್ಯಾಂಕರಿನವನು ನೀರು ತುಂಬಿಸಿ ಹೋಗಿದ್ದ. ದೊಡ್ಡವರು ನಿಂತರೂ ಕುತ್ತಿಗೆ ಮುಟ್ಟುವಷ್ಟು ನೀರು. ಬಾಯಿ ಮಾತ್ರ ಚಿಕ್ಕದು, ಚಿಕ್ಕಪ್ಪನ ಭುಜ ಅದರಲ್ಲಿ ತೂರುತ್ತಿರಲಿಲ್ಲ.

ಬಿಸಿನೀರಿನ ಮೊದಲ ಚೊಂಬು ಬೆನ್ನಿಗೆ ಬಿದ್ದದ್ದೇ ತಡ, ನಾಯಿ ಅಜ್ಜಿಯ ಕೈಯಿಂದ ಸೋಪಿನ ಹಾಗೆ ಜಾರಿತು. ಜಗುಲಿಯ ಕೆಂಪು ನೆಲದ ಮೇಲೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಹಾಗೇ ಹೊಟ್ಟೆಯ ಮೇಲೆ ಸರಿದು, ರಂಗೋಲಿಯನ್ನೆಲ್ಲ ಒರೆಸಿಕೊಂಡು, ದುಡುಂ ಎಂದು ಸಂಪಿನೊಳಕ್ಕೆ ಬಿತ್ತು.

ನಾವು ನಕ್ಕೆವು. ನಿಜ ಹೇಳಬೇಕೆಂದರೆ ಬಿದ್ದುಬಿದ್ದು ನಕ್ಕೆವು. ಆಮೇಲೆ ಒಳಗಿನಿಂದ ಸಿಮೆಂಟು ಗೋಡೆಯನ್ನು ಉಗುರಿನಿಂದ ಕೆರೆಯುವ ಸದ್ದು ಕೇಳಿಸಿತು. ತಂಗಿ ಓಡಿಹೋಗಿ ಬೋರಲು ಮಲಗಿ, “ಮಗಾ, ಬಾರೋ!” ಎಂದು ಕೈ ಇಳಿಸಿದಳು. ಅದರ ಕೊರಳಪಟ್ಟಿ ಸಿಕ್ಕಿತು. ಮರುಕ್ಷಣ ಅವಳ ತಲೆ ಕಾಣಲಿಲ್ಲ, ಸೊಂಟ ಕಾಣಲಿಲ್ಲ. ಚಿಕ್ಕಪ್ಪ ಬಕೀಟು ಬಿಟ್ಟು ಅವಳ ಕಾಲುಗಳನ್ನು ಹಿಡಿದರು.

ಎಣ್ಣೆಯ ಕೈ, ಎಣ್ಣೆಯ ಕಾಲು. ಅವರ ಮುಷ್ಟಿ ಮೀನಖಂಡದಿಂದ ಗಿಣ್ಣಿಗೆ ಜಾರುವುದನ್ನು ನಾನು ಕಲ್ಲಿನಂತೆ ನಿಂತು ನೋಡಿದೆ. ಈಗಲೂ ನೋಡುತ್ತಲೇ ಇದ್ದೇನೆ. ಮುಂದೆ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಘರ್ಷಣೆಯ ಪಾಠ ಮಾಡುವಾಗ ನನಗೆ ಕಂಡದ್ದು ಅದೇ ಹಿಮ್ಮಡಿ. ಪಕ್ಕದವಳು, “ಯಾಕೇ ಬೆವರ್ತಿದ್ದೀಯ?” ಎಂದು ಕೇಳಿದ್ದಳು.

“ನಾಯಿ ಬಿಡೇ!” ಚಿಕ್ಕಪ್ಪ ಕೂಗಿದರು.

“ಬಿಡಲ್ಲ!” ಸಂಪಿನೊಳಗಿನಿಂದ ಅವಳ ದನಿ ಗುಂಯ್ ಎಂದಿತು.

“ಅವ್ವಾ, ಜಾರ್ತಾವ್ಳೆ ಕಣವ್ವಾ!”

ಅಜ್ಜಿ ಸ್ನಾನಕ್ಕೆಂದು ಇಟ್ಟಿದ್ದ ಸೀಗೆಪುಡಿಯ ತಟ್ಟೆಯನ್ನೇ ಎತ್ತಿ ತಂದು ಅವರ ಕೈಮೇಲೆ, ಅವಳ ಕಾಲಮೇಲೆ ಸುರಿದುಬಿಟ್ಟರು. ಎಣ್ಣೆಗೆ ಪುಡಿ ಕಚ್ಚಿತು, ಹಿಡಿತ ಸಿಕ್ಕಿತು. ಆದರೆ ಸೀಗೆಪುಡಿ ಮೂಗಿಗೂ ಹೋಗುತ್ತದಲ್ಲ. ಚಿಕ್ಕಪ್ಪನ ಮೂಗು ಅರಳಿತು, ಬಾಯಿ ತೆರೆಯಿತು.

“ಸೀನ್ಬ್ಯಾಡ ಕಣ್ಲಾ!” ಅಜ್ಜಿ ಕಿರುಚಿದರು.

ಅದೇ ಹೊತ್ತಿಗೆ ಬಾಡಿಗೆ ಮನೆಯ ಅತ್ತೆ ಹೊಸ ಸೀರೆಯುಟ್ಟು, ನಮಗೆಂದು ತಂಬಿಗೆ ತುಂಬ ಬೇವಿನ ಪಾನಕ ಹಿಡಿದು ಬಂದರು. “ಅಯ್ಯ ಶಿವನ! ಏನ್ ನಡಸೀರಿ ಇದು?” ಎಂದವರೇ ತಂಬಿಗೆ ಎಸೆದು, ಮಂಡಿಯೂರಿ, ತಂಗಿಯ ಇನ್ನೊಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದರು. ಇಡೀ ಅಂಗಳದಲ್ಲಿ ಒಣಗಿದ್ದ ಕೈಗಳೆಂದರೆ ಅವೆರಡೇ. ಚಿಕ್ಕಪ್ಪ ಸೀನಿದರು. ಅತ್ತೆ ಬಿಡಲಿಲ್ಲ.

ಎಳೆದಾಗ ಮೊದಲು ಲಂಗ ಬಂತು, ಆಮೇಲೆ ಜಡೆ, ಜಡೆಯ ಹಿಂದೆ ಎರಡು ಕೈ, ಆ ಕೈಗಳ ತುದಿಯಲ್ಲಿ ನಾಯಿ. ಅದು ಮೈ ಕೊಡವಿದ ರಭಸಕ್ಕೆ ಎಣ್ಣೆ, ನೀರು, ಸೀಗೆಪುಡಿ ಎಲ್ಲವೂ ಅತ್ತೆಯ ಹೊಸ ಸೀರೆಗೆ. ತಂಗಿ ಕೆಮ್ಮುತ್ತ ನಗುತ್ತಿದ್ದಳು. ರುಬ್ಬುವ ಕಲ್ಲು ಬಿಟ್ಟು ಓಡಿಬಂದ ಅಮ್ಮ ಹೂರಣದ ಕೈಯಲ್ಲೇ ಅವಳ ಬೆನ್ನಿಗೊಂದು ಗುದ್ದಿ, ಅದೇ ಕೈಯಲ್ಲಿ ತಬ್ಬಿಕೊಂಡಳು. ನಾಯಿ ಅವಳ ಬೆನ್ನಿನ ಹೂರಣ ನೆಕ್ಕಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

“ಯುಗಾದಿ ದಿನ ಎಂಗಿರ್ತೀವೋ ವರ್ಸೆಲ್ಲ ಅಂಗೇ ಇರ್ತೀವಿ. ನಗ್ರಿ ಎಲ್ರೂ” ಎಂದರು ಅಜ್ಜಿ, ಸೀಗೆಪುಡಿಯ ಖಾಲಿ ತಟ್ಟೆ ಹಿಡಿದು ನೆಲದಲ್ಲೇ ಕೂತು.

“ವರ್ಷ ಪೂರ್ತಿ ಸಂಪಿಂದ ಎಳೀತಾ ಇರೋದಾ?” ಎಂದು ಚಿಕ್ಕಪ್ಪ ಮತ್ತೊಮ್ಮೆ ಸೀನಿದರು.

ಅಜ್ಜಿ ಈಗಿಲ್ಲ. ಯುಗಾದಿಗೆ ಎಣ್ಣೆ ಬಟ್ಟಲು ಹಿಡಿಯುವವಳು ತಂಗಿಯೇ. ಯಲಹಂಕದಿಂದ ಗಂಡ, ಮಗಳು, ನಾಯಿ ಸಮೇತ ಬಂದಿಳಿಯುತ್ತಾಳೆ. ಈ ವರ್ಷವೂ ನನ್ನ ನೆತ್ತಿಗೆ ತಟ್ಟಿ, ತೋಳಿಗೆ ತಿಕ್ಕಿ, “ಕೈ ಕೊಡೇ ಅಕ್ಕಾ” ಎಂದಳು. ನಾನು ಅಂಗೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

“ಶುರುವಾಯ್ತು ಇವಳ್ದು. ಸಂಪಿಗೆ ಬೀಗ ಹಾಕಿದ್ದೀಯಲ್ಲೇ ಮಾರಾಯ್ತಿ!”

“ಬೀಗ ಇರ್ಲಿ. ನೀನೂ ಇದ್ದೀಯಲ್ಲ.”

ಅವಳು ಬಗ್ಗಿ ಬಗ್ಗಿ ನಕ್ಕಳು. ಅಷ್ಟರಲ್ಲಿ ಅವಳ ಮಗಳು ಮೈಯೆಲ್ಲ ಮಿಂಚಿಸಿಕೊಂಡು, ನಾಯಿಯ ಹಿಂದೆ ಜಗುಲಿಯ ಮೇಲೆ ಓಡಿದಳು. ನಾನೂ ನನ್ನ ಎರಡು ಒಣ ಕೈಗಳೊಂದಿಗೆ ಅವರ ಹಿಂದೆ ಓಡಿದೆ.